ಧನಸಹಾಯದ ಯೋಜನಾಪತ್ರವೂ ಅದರ ವಿಷಯಾನುಕ್ರಮಣಿಕೆಯೂ

ಒಬ್ಬೊಬ್ಬರಿಂದ ಆಗದ ಕೆಲಸವನ್ನು ಹಲವರು ಕೂಡಿ ಸಾಧಿಸಬಹುದೆಂಬುದು ಈ ನಾಡಿನ ರೈತರಿಗೆ ಹೊಸ ಸಂಗತಿಯಲ್ಲ. ಸಹಕಾರ ಪತ್ತಿನ ಸಂಘಗಳ ಕಾಯಿದೆಯು 1904ರಲ್ಲಿ ಆಯಿತು. ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ವ್ಯವಸಾಯಗಾರರ ಸಹಕಾರ ಸಂಘವು ಸ್ಥಾಪಿತವಾಯಿತು. ಬಹುಕಾಲದ ತರುವಾಯ, ಕಂಪನಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ, ರೈತರು ತಾವೇ ಷೇರುದಾರರಾಗಿ ಉತ್ಪಾದಕರ ಕಂಪನಿಗಳನ್ನು ಕಟ್ಟಿಕೊಳ್ಳುವುದಕ್ಕೆ ಅವಕಾಶವುಂಟಾಯಿತು. 2020ರಲ್ಲಿ ಕೇಂದ್ರ ಸರ್ಕಾರದವರು ದೇಶದಲ್ಲಿ 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಹೊಸದಾಗಿ ಸ್ಥಾಪಿಸುವ ಯೋಜನೆಯನ್ನು ಪ್ರಕಟಿಸಿದರು. ಇಂತಹ ಸಂಸ್ಥೆಗಳು ಉಗ್ರಾಣ, ಕಾಳು ಶುದ್ಧಿಮಾಡುವ ಯಂತ್ರ, ಬೇಳೆ ಗಿರಣಿ ಮೊದಲಾದುವನ್ನು ಹೊಂದಬೇಕಾದರೆ ಸದಸ್ಯರ ಷೇರುಹಣವೊಂದರಿಂದಲೇ ಸಾಧ್ಯವಾಗುವುದು ವಿರಳ. ಸರ್ಕಾರದ ಧನಸಹಾಯವೂ ಬ್ಯಾಂಕಿನ ಸಾಲವೂ ಬೇಕಾಗುತ್ತವೆ. ಅವೆರಡನ್ನೂ ಪಡೆಯುವುದಕ್ಕೆ ಯೋಜನಾಪತ್ರವನ್ನು ಸಲ್ಲಿಸಬೇಕಾಗುತ್ತದೆ.

ಕಾರ್ಯವು ಒಳ್ಳೆಯದಾಗಿದ್ದು, ಸದಸ್ಯರಲ್ಲಿ ಉತ್ಸಾಹವೂ ಸಾಕಷ್ಟಿದ್ದು, ಕಾಗದಗಳು ಸರಿಯಾದ ಕ್ರಮದಲ್ಲಿಲ್ಲವೆಂಬ ಒಂದೇ ಕಾರಣದಿಂದ ಯೋಜನಾಪತ್ರವು ಹಿಂದಕ್ಕೆ ಬರುವುದುಂಟು. ಅದನ್ನು ಸರಿಪಡಿಸಿ ಪುನಃ ಸಲ್ಲಿಸುವಷ್ಟರಲ್ಲಿ ಆ ವರ್ಷದ ಹಣವು ಹಂಚಿಹೋಗಿ, ಸುಗ್ಗಿಯೂ ಕಳೆದಿರುತ್ತದೆ. ಗುಮಾಸ್ತೆಯನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದ ಸಣ್ಣ ಸಂಸ್ಥೆಗಳಿಗೇ ಈ ನಷ್ಟವು ಹೆಚ್ಚು. ಆದುದರಿಂದ ಯೋಜನಾಪತ್ರವನ್ನು ಕ್ರಮಪಡಿಸುವ ಬಗೆಯನ್ನೂ, ಅದರ ಮೊದಲ ಪುಟದಲ್ಲಿರತಕ್ಕ ವಿಷಯಾನುಕ್ರಮಣಿಕೆಯ ಉಪಯೋಗವನ್ನೂ ಇಲ್ಲಿ ವಿವರಿಸಿದೆ.

ಅನುಕ್ರಮಣಿಕೆಯನ್ನು ಮೊದಲು ಬರೆಯತಕ್ಕದ್ದು

ಸಾಮಾನ್ಯವಾಗಿ ಬರವಣಿಗೆಯೆಲ್ಲವೂ ಮುಗಿದ ಮೇಲೆ ಅನುಕ್ರಮಣಿಕೆಯನ್ನು ಬರೆದು ಮುಂದೆ ಅಂಟಿಸುವ ರೂಢಿಯಿದೆ. ಈ ರೂಢಿಯು ಸರಿಯಲ್ಲ. ಮನೆ ಕಟ್ಟುವವನು ಗೋಡೆಗಳನ್ನೆಲ್ಲ ಎಬ್ಬಿಸಿ ಆಮೇಲೆ ನಕಾಶೆಯನ್ನು ಬರೆಯುವುದಿಲ್ಲ. ಯಾವ ಯಾವ ವಿಷಯಗಳನ್ನು ಯಾವ ಕ್ರಮದಲ್ಲಿ ಹೇಳಬೇಕು, ಪ್ರತಿಯೊಂದಕ್ಕೂ ಯಾವ ದಾಖಲೆಯು ಆಧಾರ ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಂಡರೆ, ಮುಂದಿನ ಬರವಣಿಗೆಗೆ ಅದೇ ದಾರಿ ತೋರಿಸುತ್ತದೆ. ಪುಟಗಳ ಸಂಖ್ಯೆಯನ್ನು ಮಾತ್ರ ಕೊನೆಯಲ್ಲಿ ತುಂಬಿದರೆ ಸಾಕು.

ಇದರಿಂದ ಇನ್ನೊಂದು ದೊಡ್ಡ ಪ್ರಯೋಜನವುಂಟು. ಯಾವ ಶೀರ್ಷಿಕೆಯ ಕೆಳಗೆ ಬರೆಯುವುದಕ್ಕೆ ಏನೂ ತೋಚುವುದಿಲ್ಲವೋ, ಆ ವಿಷಯವನ್ನು ಸಂಸ್ಥೆಯವರು ಇನ್ನೂ ಆಲೋಚಿಸಿಲ್ಲವೆಂದೇ ಅರ್ಥ. "ಕಚ್ಚಾಮಾಲು ಎಲ್ಲಿಂದ ಬರುತ್ತದೆ" ಎಂಬ ಶೀರ್ಷಿಕೆಯ ಮುಂದೆ ಜಾಗವು ಬರಿದಾಗಿ ಉಳಿದರೆ, ಕೊರತೆಯಿರುವುದು ಬರವಣಿಗೆಯಲ್ಲಲ್ಲ, ಕಾರ್ಯದಲ್ಲಿಯೇ. ಅದು ಕಚೇರಿಯವರ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಸಂಸ್ಥೆಯವರ ಕಣ್ಣಿಗೆ ಬಿದ್ದರೆ ಲೇಸು.

ಕೊಡುವವರು ಕೇಳುವ ಪ್ರಶ್ನೆಗಳು

ಎಲ್ಲ ಧನಸಹಾಯಗಳಿಗೂ ಒಂದೇ ಬಗೆಯ ಅನುಕ್ರಮಣಿಕೆಯು ಒಪ್ಪುವುದಿಲ್ಲ. ಪ್ರತಿಯೊಂದು ಯೋಜನೆಯ ಉದ್ದೇಶವೂ ಬೇರೆಯಾದುದರಿಂದ ಅದರ ಪ್ರಶ್ನೆಗಳೂ ಬೇರೆಯಾಗಿರುತ್ತವೆ. ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾಗುತ್ತದೆ.

2020ರಲ್ಲಿ ಪ್ರಕಟವಾದ ರೈತ ಉತ್ಪಾದಕರ ಸಂಸ್ಥೆಗಳ ಯೋಜನೆಯಲ್ಲಿ, ಸದಸ್ಯರು ಹಾಕಿದ ಷೇರುಹಣಕ್ಕೆ ಸರಿಸಮನಾಗಿ, ಸದಸ್ಯನೊಬ್ಬನಿಗೆ 2,000 ರೂಪಾಯಿಗೂ ಸಂಸ್ಥೆಯೊಂದಕ್ಕೆ 15 ಲಕ್ಷ ರೂಪಾಯಿಗೂ ಮೀರದಂತೆ ಷೇರು ಬಂಡವಾಳದ ಸಹಾಯವನ್ನು ಗೊತ್ತುಪಡಿಸಲಾಯಿತು. ಇಲ್ಲಿ ಕೇಳುವ ಮುಖ್ಯ ಪ್ರಶ್ನೆಯು ಸದಸ್ಯರನ್ನು ಕುರಿತದ್ದು. ಎಷ್ಟು ಮಂದಿ, ಯಾರು ಯಾರು, ಪ್ರತಿಯೊಬ್ಬರ ಷೇರುಹಣವೆಷ್ಟು ಎಂಬುದು ಮೊದಲು ಕಾಣಬೇಕು. ಆದಕಾರಣ ಲೆಕ್ಕತಪಾಸಿಗರು ದೃಢಪಡಿಸಿದ ಷೇರುದಾರರ ಪಟ್ಟಿಯು ಇಂತಹ ಪತ್ರದಲ್ಲಿ ಮುಂದಿನ ಸ್ಥಾನವನ್ನು ಪಡೆಯುತ್ತದೆ.

ಅದೇ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ, ಬ್ಯಾಂಕಿನ ಸಾಲದೊಡನೆ ಸೇರಿದಂತೆ, ಅರ್ಹವಾದ ವೆಚ್ಚದಲ್ಲಿ ನೂರಕ್ಕೆ 35ರಂತೆ ಸಹಾಯವನ್ನು ಇಟ್ಟರು. ಜಮೀನಿನ ಬೆಲೆಯನ್ನು ಆ ವೆಚ್ಚದಲ್ಲಿ ಸೇರಿಸಕೂಡದೆಂಬ ನಿಯಮವಿತ್ತು. ಇಲ್ಲಿನ ಮುಖ್ಯ ಪ್ರಶ್ನೆಗಳೆಂದರೆ ಯಂತ್ರದ ವೆಚ್ಚ, ಕಚ್ಚಾಮಾಲು, ಮಾರಾಟ, ಸಾಲದ ಮರುಪಾವತಿ. ಇದೇ ವರ್ಷದ ಕೃಷಿ ಮೂಲಸೌಕರ್ಯ ನಿಧಿಯಾದರೋ ಧನಸಹಾಯವಲ್ಲ. 2 ಕೋಟಿ ರೂಪಾಯಿಗಳವರೆಗಿನ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 3ರಂತೆ, ಹೆಚ್ಚೆಂದರೆ 7 ವರ್ಷಗಳ ಕಾಲ, ಬಡ್ಡಿಯಲ್ಲಿ ಕೊಡುವ ರಿಯಾಯಿತಿಯೆಂದು ಅದನ್ನು ಗೊತ್ತುಮಾಡಲಾಯಿತು. ಅದಕ್ಕಾಗಿ ಬರೆಯುವ ಪತ್ರದಲ್ಲಿ "ಕೋರುವ ಧನಸಹಾಯ" ಎಂಬ ಶೀರ್ಷಿಕೆಗೆ ಸ್ಥಳವೇ ಇಲ್ಲ.

ಇಂತಹ ನಿಯಮಗಳೂ ಅವಧಿಗಳೂ ಕಾಲಕಾಲಕ್ಕೆ ಬದಲಾಗುವುವು. ಅದರಿಂದ ಪತ್ರವನ್ನು ಬರೆಯುವವರು ಆ ವರ್ಷದ ನಿಯಮಾವಳಿಯ ಪ್ರತಿಯನ್ನು ಮೊದಲು ತರಿಸಿಕೊಂಡು, ಅದರಲ್ಲಿ ಕೇಳಿರುವ ಪ್ರತಿಯೊಂದು ಸಂಗತಿಯ ಕೆಳಗೂ ಗೆರೆಯೆಳೆದು, ಅವುಗಳನ್ನೇ ತಮ್ಮ ಅನುಕ್ರಮಣಿಕೆಯ ಶೀರ್ಷಿಕೆಗಳನ್ನಾಗಿ ಮಾಡಿಕೊಳ್ಳಬೇಕು. ನಿಯಮಾವಳಿಯಲ್ಲಿ ಉಪಯೋಗಿಸಿರುವ ಶಬ್ದವನ್ನೇ ಶೀರ್ಷಿಕೆಯಲ್ಲಿಯೂ ಇಡುವುದು ಉತ್ತಮ. ಅಲ್ಲಿ "ಹಣದ ಮೂಲ" ಎಂದಿದ್ದರೆ ಇಲ್ಲಿ "ಬಂಡವಾಳ ಕ್ರೋಡೀಕರಣ" ಎಂದು ಬರೆದು ಓದುವವರನ್ನು ಹುಡುಕುವಂತೆ ಮಾಡಬಾರದು. ನಮೂನೆಯೊಂದನ್ನು ಸರ್ಕಾರದವರೇ ಗೊತ್ತುಮಾಡಿದ್ದರೆ ಅದರ ಕ್ರಮವನ್ನು ಕಿಂಚಿತ್ತೂ ಬದಲಿಸಕೂಡದು.

ಒಂದು ಮಾದರಿ

ಕಲಬುರಗಿ ಸೀಮೆಯು ತೊಗರಿಗೆ ಹೆಸರಾದುದು. ಅಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಡಿಸೆಂಬರ್ ಜನವರಿಗಳಲ್ಲಿ ಕೊಯ್ಲಿಗೆ ಬರುತ್ತದೆ. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಕಾಳನ್ನು ಮಾರಿ, ಮನೆಯ ಖರ್ಚಿಗೆ ಬೇಳೆಯನ್ನು ಅಂಗಡಿಯಿಂದ ಕೊಂಡುಕೊಳ್ಳುವುದು ಅನೇಕರ ರೂಢಿ. ಈ ಸೀಮೆಯಲ್ಲಿ 400 ಮಂದಿ ಸದಸ್ಯರಿರುವ ಸಂಸ್ಥೆಯೊಂದು 20 ಲಕ್ಷ ರೂಪಾಯಿ ವೆಚ್ಚದಲ್ಲಿ ಸಣ್ಣ ಬೇಳೆ ಗಿರಣಿಯನ್ನು ಹೂಡಬೇಕೆಂದಿದೆ ಎಂದು ಭಾವಿಸೋಣ. ಮೇಲೆ ಹೇಳಿದ ಕಿರು ಉದ್ದಿಮೆಗಳ ಯೋಜನೆಯಂಥ ಸಹಾಯಕ್ಕಾಗಿ ಅದು ಬರೆಯುವ ಪತ್ರದ ಅನುಕ್ರಮಣಿಕೆಯು ಹೀಗಿರಬಹುದು:

1. ಸಂಕ್ಷೇಪ: ಪುಟ 1
2. ಸಂಸ್ಥೆಯ ಪರಿಚಯ: ಪುಟ 2, ಲಗತ್ತು 1 (ನೋಂದಣಿ ಪತ್ರ), ಲಗತ್ತು 2 (ಸದಸ್ಯರ ಪಟ್ಟಿ)
3. ಈಗಿನ ಸ್ಥಿತಿಯೂ ಕೊರತೆಯೂ: ಪುಟ 4
4. ಕೈಕೊಳ್ಳುವ ಕಾರ್ಯ: ಪುಟ 6; ಲಗತ್ತು 3 (ಜಾಗದ ದಾಖಲೆ), ಲಗತ್ತು 4 (ಕಟ್ಟಡದ ನಕಾಶೆ)
5. ಕಚ್ಚಾಮಾಲಿನ ಪೂರೈಕೆಯೂ ಬೇಳೆಯ ಮಾರಾಟವೂ: ಪುಟ 9
6. ವೆಚ್ಚದ ಅಂದಾಜು ಮತ್ತು ಹಣದ ಮೂಲ: ಪುಟ 12, ಲಗತ್ತು 5 (ಯಂತ್ರಗಳ ದರಪಟ್ಟಿಗಳು)
7. ಆದಾಯ, ಖರ್ಚು, ಸಾಲದ ಮರುಪಾವತಿ: ಪುಟ 15, ಲಗತ್ತು 6 (ಲೆಕ್ಕತಪಾಸಣೆಯ ವರದಿ)
8. ಆಡಳಿತ ಮತ್ತು ಕೆಲಸದ ಕಾಲಕ್ರಮ: ಪುಟ 18, ಲಗತ್ತು 7 (ಆಡಳಿತ ಮಂಡಳಿಯ ಠರಾವು)
9. ಒದಗಬಹುದಾದ ಅಡಚಣೆಗಳೂ ಪರಿಹಾರಗಳೂ: ಪುಟ 20
10. ಲಗತ್ತುಗಳು: ಪುಟ 21ರಿಂದ

ಶೀರ್ಷಿಕೆಗಳು ಹತ್ತಕ್ಕೆ ಮೀರದಿದ್ದರೆ ಓದುವುದಕ್ಕೆ ಅನುಕೂಲ. ಒಂದು ಶೀರ್ಷಿಕೆಯ ಕೆಳಗೆ ಉಪವಿಭಾಗಗಳು ಅಗತ್ಯವಾದರೆ 6.1, 6.2 ಎಂದು ಸಂಖ್ಯೆಯಿಡಬಹುದು. ಅದಕ್ಕಿಂತ ಒಳಗೆ ಹೋದರೆ ಅನುಕ್ರಮಣಿಕೆಯೇ ಒಂದು ಕಾಡಾಗುತ್ತದೆ. ದಾಖಲೆಯ ಹೆಸರು ಆಯಾ ವಿಷಯದ ಎದುರಿಗೇ ಇರುವುದನ್ನು ಗಮನಿಸಬೇಕು. ಮಾತು ಒಂದು ಕಡೆ, ಅದರ ಆಧಾರವು ಎಲ್ಲಿದೆಯೋ ತಿಳಿಯದು ಎಂಬ ದೋಷವು ಇದರಿಂದ ತಪ್ಪುತ್ತದೆ.

ಕ್ರಮದ ಕಾರಣ

ಈ ಶೀರ್ಷಿಕೆಗಳು ಒಂದಾದ ಮೇಲೊಂದು ಬಂದಿರುವುದಕ್ಕೆ ಕಾರಣವಿದೆ. ಕೇಳುವವರು ಯಾರು ಎಂದು ತಿಳಿಯದೆ ಅವರ ಕೊರತೆಯು ಅರ್ಥವಾಗದು. ಕೊರತೆಯು ತಿಳಿಯದೆ ಕಾರ್ಯದ ಅಗತ್ಯವು ಮನಸ್ಸಿಗೆ ಹತ್ತದು. ಕಾರ್ಯದ ಗಾತ್ರವು ಗೊತ್ತಾಗದೆ ವೆಚ್ಚವು ಸರಿಯೋ ಹೆಚ್ಚೋ ಹೇಳಲಾಗದು. ಮೊದಲನೆಯ ಪುಟದಲ್ಲಿಯೇ "20 ಲಕ್ಷ ಬೇಕು" ಎಂದು ಆರಂಭಿಸಿ, ಏತಕ್ಕೆಂಬುದನ್ನು ಹನ್ನೆರಡನೆಯ ಪುಟದಲ್ಲಿ ಹೇಳಿದರೆ ಓದುವವರಿಗೆ ಸಂಶಯವೇ ಮೊದಲು ಹುಟ್ಟುತ್ತದೆ. ಸಂಕ್ಷೇಪವೊಂದು ಮಾತ್ರ ಈ ನಿಯಮಕ್ಕೆ ಹೊರತು. ಅದರಲ್ಲಿ ಸಂಸ್ಥೆ, ಕಾರ್ಯ, ಸ್ಥಳ, ವೆಚ್ಚ, ಕೋರುವ ಸಹಾಯ, ಮುಗಿಯುವ ಕಾಲ ಇಷ್ಟೂ ಒಂದೇ ಪುಟದಲ್ಲಿರಬೇಕು. ಅದನ್ನು ಎಲ್ಲ ಬರವಣಿಗೆಯೂ ಮುಗಿದ ಮೇಲೆ ಬರೆಯುವುದು ಕ್ಷೇಮ.

ಯೋಜನಾಪತ್ರವನ್ನು ಒಬ್ಬರೇ ಓದುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ವ್ಯವಸಾಯದ ಅಧಿಕಾರಿಯು ಬೆಳೆಯ ವಿಸ್ತೀರ್ಣವನ್ನೂ ಕಾಳಿನ ಪೂರೈಕೆಯನ್ನೂ ನೋಡುತ್ತಾನೆ. ಬ್ಯಾಂಕಿನವರು ಮರುಪಾವತಿಯ ಲೆಕ್ಕವನ್ನು ನೋಡುತ್ತಾರೆ. ಲೆಕ್ಕದ ಶಾಖೆಯವರು ಮೊತ್ತಗಳನ್ನು ಕೂಡಿಸಿ ನೋಡುತ್ತಾರೆ. ಇವರೆಲ್ಲರ ಮುಂದೆಯೂ ಇತರ ಸಂಸ್ಥೆಗಳ ಪತ್ರಗಳು ಕಾದಿರುತ್ತವೆ. ತಮಗೆ ಬೇಕಾದ ಪುಟವನ್ನು ಒಡನೆಯೇ ತೆರೆಯುವುದಕ್ಕೆ ಅನುಕೂಲವಾದರೆ ಪ್ರಶ್ನೆಗಳು ಕಡಮೆಯಾಗುತ್ತವೆ, ತೀರ್ಮಾನವೂ ಬೇಗ ಆಗುತ್ತದೆ.

ಒಂದು ಭಾಗವು ಇನ್ನೊಂದನ್ನು ಪರೀಕ್ಷಿಸುವುದು

ಕ್ರಮವಾದ ಅನುಕ್ರಮಣಿಕೆಯಿದ್ದರೆ ಭಾಗಗಳನ್ನು ಒಂದಕ್ಕೊಂದು ತಾಳೆನೋಡಬಹುದು. ಮೇಲಿನ ಬೇಳೆ ಗಿರಣಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಇಲ್ಲಿ ಹೇಳುವ ಅಂಕಿಗಳು ಉದಾಹರಣೆಗಾಗಿ ಕೊಟ್ಟವು. ಪ್ರತಿಯೊಂದು ಸಂಸ್ಥೆಯವರೂ ತಮ್ಮ ಊರಿನ ಅಂಕಿಗಳನ್ನು ಹಾಕಿಕೊಳ್ಳಬೇಕು.

ನಾಲ್ಕನೆಯ ಭಾಗದಲ್ಲಿ ಗಿರಣಿಯು ಗಂಟೆಗೆ 1 ಕ್ವಿಂಟಾಲಿನಂತೆ ದಿನಕ್ಕೆ 8 ಗಂಟೆ ನಡೆಯುತ್ತದೆಂದು ಹೇಳಿದೆ. ತೊಗರಿಯನ್ನು ಬೇಳೆಮಾಡುವಾಗ ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ ಬಿಸಿಲಿನಲ್ಲಿ ಒಣಗಿಸಬೇಕಾಗುವುದರಿಂದ, ಒಣಗಿಸುವ ಯಂತ್ರವಿಲ್ಲದ ಗಿರಣಿಯು ಮಳೆಗಾಲದಲ್ಲಿ ಸರಾಗವಾಗಿ ನಡೆಯದು. ವರ್ಷಕ್ಕೆ 200 ದಿನಗಳೆಂದು ಎಣಿಸಿದರೆ 1,600 ಕ್ವಿಂಟಾಲು ಕಾಳು ಬೇಕು. ನೂರು ಕಿಲೋ ಕಾಳಿಗೆ 70ರಿಂದ 75 ಕಿಲೋ ಬೇಳೆಯೆಂದರೆ 1,120ರಿಂದ 1,200 ಕ್ವಿಂಟಾಲು ಬೇಳೆಯಾಗುತ್ತದೆ. ಐದನೆಯ ಭಾಗದಲ್ಲಿ ಇಷ್ಟು ಕಾಳು ಬರುವುದೆಲ್ಲಿಂದ ಎಂಬುದಕ್ಕೆ ಉತ್ತರವಿರಬೇಕು. 400 ಮಂದಿ ಸದಸ್ಯರು ತಲಾ 3 ಎಕರೆಯಲ್ಲಿ ತೊಗರಿ ಬೆಳೆದು, ಎಕರೆಗೆ 3 ಕ್ವಿಂಟಾಲು ಪಡೆದರೆ ಒಟ್ಟು 3,600 ಕ್ವಿಂಟಾಲು. ಅದರಲ್ಲಿ ಅರ್ಧವನ್ನು ಗಿರಣಿಗೆ ತಂದರೂ 1,800 ಕ್ವಿಂಟಾಲು ಆಗಿ, ಗಿರಣಿಗೆ ಕೆಲಸವು ಸಾಕಷ್ಟಾಗುತ್ತದೆ.

ಆರನೆಯ ಭಾಗದಲ್ಲಿ ಕಟ್ಟಡಕ್ಕೆ 7 ಲಕ್ಷ, ಯಂತ್ರಗಳಿಗೆ 8 ಲಕ್ಷ, ವಿದ್ಯುತ್ ಸಂಪರ್ಕಕ್ಕೆ 2 ಲಕ್ಷ, ಒಣಗಿಸುವ ಕಣಕ್ಕೆ 1 ಲಕ್ಷ 50 ಸಾವಿರ, ತೂಕದ ಯಂತ್ರ ಮೊದಲಾದುದಕ್ಕೆ 1 ಲಕ್ಷ 50 ಸಾವಿರ, ಒಟ್ಟು 20 ಲಕ್ಷವೆಂದಿಟ್ಟುಕೊಳ್ಳೋಣ. ಸಹಾಯವು ನೂರಕ್ಕೆ 35ರಂತೆ 7 ಲಕ್ಷ, ಸಂಸ್ಥೆಯ ಸ್ವಂತ ಹಣವು ನೂರಕ್ಕೆ 10ರಂತೆ 2 ಲಕ್ಷ, ಉಳಿದ 11 ಲಕ್ಷ ಬ್ಯಾಂಕಿನ ಸಾಲ. ಈ ಮೂರೂ ಕೂಡಿ 20 ಲಕ್ಷವಾಗಲೇಬೇಕು. ಸಂಕ್ಷೇಪದಲ್ಲಿ, ಠರಾವಿನಲ್ಲಿ, ಹಣದ ಮೂಲದ ತಖ್ತೆಯಲ್ಲಿ ಈ ಅಂಕಿಗಳು ಬೇರೆ ಬೇರೆಯಾಗಿ ಕಂಡರೆ ಇಡೀ ಪತ್ರದ ಮೇಲಿನ ನಂಬಿಕೆಯು ಹೋಗುತ್ತದೆ.

ಏಳನೆಯ ಭಾಗಕ್ಕೆ ಬಂದರೆ, 11 ಲಕ್ಷ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 7 ವರ್ಷಗಳ ಸಮ ಕಂತುಗಳಲ್ಲಿ ತೀರಿಸುವುದಕ್ಕೆ ವರ್ಷಕ್ಕೆ ಸುಮಾರು 2 ಲಕ್ಷ 20 ಸಾವಿರ ರೂಪಾಯಿ ಬೇಕು. ಕೂಲಿ, ವಿದ್ಯುತ್ತು, ದುರಸ್ತಿ ಎಲ್ಲವನ್ನೂ ಕಳೆದು ಕ್ವಿಂಟಾಲಿಗೆ 200 ರೂಪಾಯಿ ಉಳಿಯುವುದಾದರೆ 1,600 ಕ್ವಿಂಟಾಲಿಗೆ 3 ಲಕ್ಷ 20 ಸಾವಿರ. ಕಂತು ಕಟ್ಟಿ 1 ಲಕ್ಷ ಮಿಗುತ್ತದೆ. ಇಲ್ಲಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಬಹಳ ಪತ್ರಗಳು ಇಲ್ಲಿಯೇ ಮುಗಿದುಬಿಡುತ್ತವೆ.

ಒಂಬತ್ತನೆಯ ಶೀರ್ಷಿಕೆಯು ಇರುವುದರಿಂದ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಮಳೆ ತಪ್ಪಿದ ವರ್ಷದಲ್ಲಿ ಏನು ಗತಿ? ಇಳುವರಿಯು ಎಕರೆಗೆ ಒಂದೂವರೆ ಕ್ವಿಂಟಾಲಿಗೆ ಇಳಿದರೆ ಒಟ್ಟು 1,800 ಕ್ವಿಂಟಾಲು. ಅರ್ಧವು ಗಿರಣಿಗೆ ಬಂದರೆ 900. ಗಿರಣಿಯು 113 ದಿನಗಳೊಳಗೆ ಕೆಲಸ ಮುಗಿಸಿ ನಿಲ್ಲುತ್ತದೆ. ಉಳಿಯುವುದು 1 ಲಕ್ಷ 80 ಸಾವಿರ. ಕಂತಿಗೆ 40 ಸಾವಿರ ಕಡಮೆ. ಆ ಹಣವನ್ನು ಸದಸ್ಯರ ಷೇರಿನಿಂದಲೇ ಮುರಿಯಬೇಕಾದೀತು. ಇದನ್ನು ಮೊದಲೇ ಕಂಡ ಸಂಸ್ಥೆಯವರು ಒಳ್ಳೆಯ ವರ್ಷದ 1 ಲಕ್ಷದಲ್ಲಿ 40 ಸಾವಿರವನ್ನು ಆಪದ್ಧನವಾಗಿ ಕಾದಿಡುವೆವೆಂದು ಬರೆಯಬಹುದು, ಕಡಲೆಬೇಳೆಯನ್ನೂ ಮಾಡಿಕೊಡುವೆವೆನ್ನಬಹುದು, ಅಥವಾ ಯಂತ್ರದ ಗಾತ್ರವನ್ನೇ ತಗ್ಗಿಸಬಹುದು. ಅಡಚಣೆಯನ್ನು ಬರೆದರೆ ಸಹಾಯವು ದೊರೆಯದೆಂಬ ಭಯವು ನಿರಾಧಾರವಾದುದು. ಮಳೆಯನ್ನು ನಂಬಿದ ಸೀಮೆಯಲ್ಲಿ ಬರಗಾಲದ ಮಾತೇ ಇಲ್ಲದ ಪತ್ರವನ್ನು ಅನುಭವಸ್ಥನಾದ ಅಧಿಕಾರಿಯು ನಂಬುವುದಿಲ್ಲ.

ಲಗತ್ತುಗಳು

ಮಾತಿನ ಭಾಗದಲ್ಲಿ ದಾಖಲೆಗಳನ್ನು ತುರುಕಬಾರದು. 400 ಹೆಸರುಗಳ ಪಟ್ಟಿಯನ್ನು ಎರಡನೆಯ ಭಾಗದ ನಡುವೆ ಇಟ್ಟರೆ ಓದುವ ಓಟವು ಕಡಿಯುತ್ತದೆ. "ಸದಸ್ಯರು 400 ಮಂದಿ, ಪಟ್ಟಿಗೆ ಲಗತ್ತು 2 ನೋಡಿ" ಎಂದರೆ ಸಾಕು. ಲಗತ್ತುಗಳ ಸಂಖ್ಯೆಯು ಅವು ಮಾತಿನಲ್ಲಿ ಮೊದಲು ಬರುವ ಕ್ರಮದಲ್ಲಿಯೇ ಇರಬೇಕು. ಪ್ರತಿಯೊಂದರ ಮೇಲುಗಡೆಯ ಬಲಮೂಲೆಯಲ್ಲಿ ಅದರ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಪುಟಸಂಖ್ಯೆಯನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ ಒಂದೇ ಸಾಲಾಗಿ ನಡೆಸತಕ್ಕದ್ದು. ನಿಯಮಾವಳಿಯು ಪ್ರತಿ ಹಾಳೆಗೂ ರುಜುವನ್ನು ಕೇಳಿದ್ದರೆ ಒಂದನ್ನೂ ಬಿಡಕೂಡದು. ಸಂಸ್ಥೆಯ ಹೆಸರು ನೋಂದಣಿ ಪತ್ರದಲ್ಲಿ ಹೇಗಿದೆಯೋ ಬ್ಯಾಂಕಿನ ಪುಸ್ತಕದಲ್ಲಿಯೂ ಠರಾವಿನಲ್ಲಿಯೂ ಹಾಗೆಯೇ ಇದೆಯೇ ಎಂದು ಅಕ್ಷರಶಃ ನೋಡಬೇಕು.

ಈಗ ಅನೇಕ ಪತ್ರಗಳನ್ನು ಗಣಕಯಂತ್ರದ ಮೂಲಕ ಸಲ್ಲಿಸಬೇಕಾಗಿದೆ. ಆದರೂ ಈ ಕ್ರಮವು ಅನಾವಶ್ಯಕವಾಗಿಲ್ಲ. ದಾಖಲೆಗಳ ಕಡತಗಳಿಗೆ ಯಂತ್ರವು ತಾನಾಗಿ ಕೊಡುವ ಅರ್ಥವಿಲ್ಲದ ಅಂಕಿಗಳನ್ನು ತೆಗೆದು, "ಲಗತ್ತು 3, ಜಾಗದ ದಾಖಲೆ" ಎಂಬಂತೆ ಅನುಕ್ರಮಣಿಕೆಯಲ್ಲಿರುವ ಹೆಸರನ್ನೇ ಇಡಬೇಕು. ಬೆರಳಚ್ಚು ಮಾಡುವಾಗ ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದು ಯಂತ್ರಕ್ಕೆ ಗುರುತುಮಾಡಿ ತಿಳಿಸಿದರೆ, ಅದೇ ಅನುಕ್ರಮಣಿಕೆಯನ್ನು ಸಿದ್ಧಪಡಿಸಿಕೊಡುತ್ತದೆ. ಆದರೆ ಕೊನೆಯ ತಿದ್ದುಪಡಿಯಾದ ಮೇಲೆ ಅದನ್ನು ಪುನಃ ಹೊಸದುಮಾಡದಿದ್ದರೆ ಪುಟಸಂಖ್ಯೆಗಳು ಹಳೆಯವೇ ಉಳಿಯುತ್ತವೆ. ಆದುದರಿಂದ ಸಲ್ಲಿಸುವ ಮುನ್ನ ಪ್ರತಿಯೊಂದು ಪುಟವನ್ನೂ ತೆರೆದು, ಅನುಕ್ರಮಣಿಕೆಯು ಹೇಳಿದ ವಿಷಯವು ಅಲ್ಲಿದೆಯೇ ಎಂದು ಕಣ್ಣಾರೆ ನೋಡತಕ್ಕದ್ದು. ಈ ಕೆಲಸವನ್ನು ಪತ್ರವನ್ನು ಬರೆದವನಿಗೆ ಒಪ್ಪಿಸದೆ ಬೇರೊಬ್ಬ ಸದಸ್ಯನಿಗೆ ಒಪ್ಪಿಸಿದರೆ ತಪ್ಪುಗಳು ಬೇಗ ಸಿಕ್ಕುತ್ತವೆ.

ಸದಸ್ಯರ ಸಭೆಯಲ್ಲಿ

ಯೋಜನಾಪತ್ರವು ಕಚೇರಿಯವರಿಗಾಗಿ ಮಾತ್ರ ಬರೆದುದೆಂದು ತಿಳಿಯಬಾರದು. ಮೇಲಿನ ಉದಾಹರಣೆಯಲ್ಲಿ 7 ಲಕ್ಷವು ಸರ್ಕಾರದ ಹಣವಾದರೆ, 2 ಲಕ್ಷವು ಸದಸ್ಯರು ಬೆವರು ಸುರಿಸಿ ಕೂಡಿಸಿದ ಹಣ. 11 ಲಕ್ಷದ ಸಾಲದ ಹೊರೆಯು ಅವರ ಸಂಸ್ಥೆಯ ಮೇಲೆಯೇ ಬೀಳುವುದು. ಇಪ್ಪತ್ತಕ್ಕೂ ಹೆಚ್ಚು ಪುಟಗಳ ಪತ್ರವನ್ನು ಎಲ್ಲರೂ ಓದುವುದು ಸಾಧ್ಯವಿಲ್ಲ. ಆದರೆ ಒಂದು ಪುಟದ ಅನುಕ್ರಮಣಿಕೆಯನ್ನು ಸರ್ವಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿ, ಪ್ರತಿಯೊಂದು ಶೀರ್ಷಿಕೆಗೂ ಒಂದೆರಡು ಮಾತುಗಳಲ್ಲಿ ವಿವರಣೆಯನ್ನು ಕೊಡಬಹುದು. ಅಕ್ಷರ ಬಾರದ ಸದಸ್ಯನೂ ಆಗ "ಮಳೆ ಹೋದರೆ ಕಂತು ಕಟ್ಟುವವರಾರು?" ಎಂದು ಕೇಳಬಲ್ಲನು. ಅಂತಹ ಪ್ರಶ್ನೆಯೊಂದು ಸಂಸ್ಥೆಯನ್ನು ಮುಂದಿನ ಕಷ್ಟದಿಂದ ಉಳಿಸೀತು.

ಸಹಾಯವು ಮಂಜೂರಾದ ಮೇಲೆಯೂ ಈ ಪುಟದ ಉಪಯೋಗವು ತೀರುವುದಿಲ್ಲ. ಹಣವು ಯಾವ ಬಾಬಿಗೆ ಎಷ್ಟು ವಿನಿಯೋಗವಾಯಿತೆಂದು ತೋರಿಸಬೇಕಾದಾಗ ಅದೇ ಶೀರ್ಷಿಕೆಗಳ ಕ್ರಮದಲ್ಲಿ ರಸೀತಿಗಳನ್ನೂ ಬಿಲ್ಲುಗಳನ್ನೂ ಜೋಡಿಸಿಟ್ಟರೆ, ತಪಾಸಣೆಯು ಸುಲಭವಾಗುತ್ತದೆ. ಮುಂದಿನ ಕಂತಿನ ಹಣಕ್ಕೂ ತಡೆಯಿರುವುದಿಲ್ಲ. ಆದಕಾರಣ ರೈತ ಸಂಸ್ಥೆಗಳ ಕಾರ್ಯದರ್ಶಿಗಳು ಪತ್ರವನ್ನು ಸಲ್ಲಿಸುವ ಕಡೆಯ ದಿನವನ್ನು ಕಾಯದೆ, ಸುಗ್ಗಿಯ ಕೆಲಸವು ಮುಗಿದು ಬಿಡುವಿರುವ ಕಾಲದಲ್ಲಿಯೇ ಅನುಕ್ರಮಣಿಕೆಯ ಒಂದು ಹಾಳೆಯನ್ನು ಬರೆದು, ಅದರಲ್ಲಿ ಬರಿದಾಗಿರುವ ಜಾಗಗಳನ್ನು ಒಂದೊಂದಾಗಿ ತುಂಬುತ್ತ ಬರಬೇಕು. ಹೀಗೆ ಮಾಡುವಲ್ಲಿ ಸಂದೇಹಗಳುಂಟಾದರೆ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ಆ ಹಾಳೆಯನ್ನು ತೋರಿಸಿ ಸಲಹೆಯನ್ನು ಪಡೆಯಬಹುದು.